ನಮ್ಮ ಕಪ್ಪೆಗಾಡಿ ಲೈಸೆನ್ಸ್ ಗೆದ್ದದ್ದು

ಕೆಲವರ ಮನೆಗೆ ಕೋತಿಗಳು ನುಗ್ಗುತ್ತವೆ, ಕೆಲವರ ಮನೆಗೆ ನೆಂಟರು ನುಗ್ಗುತ್ತಾರೆ. ನಮ್ಮ ಮನೆಗೆ ಮಾತ್ರ ನಗೆಪಾಟಲು ನುಗ್ಗುತ್ತದೆ. ಒಂದನ್ನು ಹಿಂಬಾಗಿಲಿನಿಂದ ಸಾಗಹಾಕುವಷ್ಟರಲ್ಲಿ ಇನ್ನೊಂದು ಮುಂಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತದೆ.

ನಾನು ಹುಟ್ಟಿದ್ದು ವಿಜಯಪುರದ ಕಡೆ. ಬೇಸಿಗೆಯಲ್ಲಿ ಅಲ್ಲಿ ಹಳ್ಳ ದಾಟುವಾಗ ಯಾರೂ ಚಪ್ಪಲಿ ಕೈಗೆ ತೆಗೆದುಕೊಳ್ಳುವುದಿಲ್ಲ; ಮರಳು ಕಾಲು ಸುಡುತ್ತದೆ. ಮದುವೆಯಾಗಿ ಬಂದದ್ದು ವಯನಾಡಿಗೆ, ಕಾಟ್ಟಿಕುಳಂ ಹತ್ತಿರದ ಒಂದು ಜೈನರ ಮನೆಗೆ. ಇಲ್ಲಿ ಹಿತ್ತಿಲಿನ ಆಚೆಗೇ ಹೊಳೆ. ಹೊಳೆಯ ಆಚೆಗೆ ಕಾಡಂಚಿನಲ್ಲಿ ಒಂದು ಹಳೇ ಕಲ್ಲುಬಸದಿ. ನಮ್ಮ ಸೊಸೆಗೆ ಆ ಬಸದಿಯೇ ಕೆಲಸ. ನೋಡಲು ಬಂದವರಿಗೆ ಕಂಬ ಕಂಬದ ಕೆತ್ತನೆಯನ್ನೂ ತೋರಿಸಿ ವಿವರಿಸುತ್ತಿದ್ದಳು. ಒಂದು ಮಳೆಗಾಲದಲ್ಲಿ ಕಾಲುಸೇತುವೆ ಕೊಚ್ಚಿಹೋಯಿತು. ಸುತ್ತು ಹಾಕಿ ಹೋಗುವುದಾದರೆ ಅರ್ಧ ದಿನ. ಬರುವವರು ನಿಂತರು, ಸೊಸೆಯ ಕೆಲಸವೂ ನಿಂತಿತು.

ಅವಳು ಸುಮ್ಮನೆ ಕೂರುವ ಜಾತಿಯವಳಲ್ಲ. ಸಮುದ್ರದ ಕಡೆಯ ಯಾವುದೋ ರೆಸಾರ್ಟ್‌ನವರು ಮೂಲೆಗೆ ಹಾಕಿದ್ದ ಒಂದು ಗಾಡಿ ಹುಡುಕಿದಳು. ನೆಲದ ಮೇಲೆ ಬಸ್ಸಿನ ಹಾಗೆ ಓಡುತ್ತದೆ, ನೀರಿಗಿಳಿದರೆ ದೋಣಿಯ ಹಾಗೆ ತೇಲುತ್ತದೆ. ರೆಸಾರ್ಟ್‌ನವರದು ಒಂದೇ ಷರತ್ತು: ಮಳೆಗಾಲ ಹಿಡಿಯುವ ಮೊದಲು ಜನರನ್ನು ಕೂರಿಸುವ ಲೈಸೆನ್ಸ್ ತಂದರೆ ಗಾಡಿ ನಿನ್ನದು, ಇಲ್ಲವಾದರೆ ಕೇಳುವವರು ಬೇರೆ ಇದ್ದಾರೆ. ಮುಂದಿನದೆಲ್ಲ ನಡೆದದ್ದು ಆ ಲೈಸೆನ್ಸಿಗಾಗಿ.

ಟಾರ್ಪಾಲು

ಗಾಡಿ ಬಂದ ದಿನ ಸೊಸೆಯೇ ಓಡಿಸಿಕೊಂಡು ಬಂದಳು. ನಾನು ಕಾಟ್ಟಿಕುಳಂ ಜಂಕ್ಷನ್ನಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ತಿರುವಿನಲ್ಲಿ ಮೊದಲು ಕಂಡದ್ದು ದೋಣಿಯ ಮೂತಿ, ಆಮೇಲೆ ಚಕ್ರ, ಆಮೇಲೆ ನನ್ನ ಸೊಸೆ.

"ಹತ್ತಿ ಅತ್ತೆ!" ಅಂದಳು.

"ಇದಕ್ಕ ಗಾಡಿ ಅಂತೀಯೋ, ದೋಣಿ ಅಂತೀಯೋ?" ಅಂದೆ.

"ಲೈಸೆನ್ಸ್ ಕೊಡುವವರು ಏನಂತಾರೋ ಅದು."

ಚಹದಂಗಡಿಯಲ್ಲಿದ್ದವರೆಲ್ಲ ಲೋಟ ಹಿಡಿದುಕೊಂಡೇ ರಸ್ತೆಗೆ ಬಂದರು. ಒಬ್ಬ ಅಡಿಗೆ ಬಗ್ಗಿ ನೋಡಿ, "ಇದು ಕಪ್ಪೆಗಾಡಿ ಕಣೋ" ಅಂದ. ಹೆಸರು ಅಲ್ಲೇ ಅಂಟಿಕೊಂಡಿತು. ಇನ್ನೊಬ್ಬ ಮಾತ್ರ ನಗಲಿಲ್ಲ. ಆಕಾಶ ನೋಡಿದ, ಗಾಡಿ ನೋಡಿದ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅಮ್ಮೇ, ಈ ಸಲ ಮಳೆ ಹೇಗಂತೆ? ನಿಮಗೇನೋ ಗೊತ್ತಾಗಿದೆ, ಹೇಳಿ."

"ನನಗೇನೂ ಗೊತ್ತಿಲ್ಲಪ್ಪ" ಅಂದೆ.

ನಾನು ಮುಚ್ಚಿಡುತ್ತಿದ್ದೇನೆ ಅಂತಲೇ ಅವನಿಗೆ ಖಾತ್ರಿಯಾಯಿತು. ಮರುದಿನ ಕಾಟ್ಟಿಕುಳಂ ಪೇಟೆಯಲ್ಲಿ ಹುಡುಕಿದರೂ ಒಂದು ಟಾರ್ಪಾಲು ಸಿಗಲಿಲ್ಲ. ಎಲ್ಲ ಮಾರಾಟವಾಗಿತ್ತು. ಅಂಗಡಿಯವನು ಮಾತ್ರ ನಮ್ಮ ಗಾಡಿ ಕಂಡಾಗಲೆಲ್ಲ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ.

ಬೇಲಿ

ಬಸದಿಯನ್ನು ಕಾಯುವ ಆಫೀಸಿನ ಸಾಹೇಬರ ಒಪ್ಪಿಗೆ ಮೊದಲು ಬೇಕಿತ್ತು. ಅವರು ಮನೆಗೇ ಬಂದರು. ಹಳೆಯದನ್ನು ಕಂಡರೆ ಅಕ್ಕರೆ, ಹೊಸದನ್ನು ಕಂಡರೆ ಅನುಮಾನ ಅವರಿಗೆ. ಗಾಡಿಯ ಸುತ್ತ ನಿಧಾನವಾಗಿ ನಡೆದರು. ಉಪ್ಪುನೀರಿನಲ್ಲಿ ಬಾಳಿದ ಗಾಡಿ. ಮೈಯೆಲ್ಲ ತುಕ್ಕು, ಬಣ್ಣ ಹೋದಲ್ಲಿ ಇನ್ನೊಂದು ಬಣ್ಣ, ಅದರ ಕೆಳಗೆ ಮತ್ತೊಂದು.

"ಸಾರೇ, ಗಾಡಿ ಬಸದಿಯ ಹತ್ತಿರ ಬರುವುದಿಲ್ಲ. ದಡದಲ್ಲೇ ನಿಲ್ಲುತ್ತದೆ. ಅಲ್ಲಿಂದ ಎಲ್ಲರೂ ಬರಿಗಾಲಲ್ಲಿ ನಡೆಯುತ್ತಾರೆ" ಅಂದಳು ಸೊಸೆ.

ಅವರು ಉಗುರಿನಿಂದ ತುಕ್ಕು ಕೆರೆದು ನೋಡಿದರು. "ನಾನು ಒಪ್ಪಿಗೆ ಕೊಡುತ್ತೇನೆ. ಆದರೆ ಬೇಗ ಓಡಿಸಲು ಶುರುಮಾಡಿ. ಇದು ಇನ್ನೊಂದು ವರ್ಷ ಹೀಗೇ ನಿಂತರೆ ನಾನು ಇದಕ್ಕೂ ಬೇಲಿ ಹಾಕಿ ಬೋರ್ಡ್ ಬರೆಸಬೇಕಾಗುತ್ತದೆ."

ಕಟ್ರೀ, ಬಿಚ್ರೀ

ಉಳಿದದ್ದು ಎರಡು ಆಫೀಸು. ಬಸ್ಸು ಲಾರಿ ನೋಡುವವರನ್ನು ನಾವು ರಸ್ತೆ ಸಾರ್ ಅನ್ನುತ್ತಿದ್ದೆವು, ದೋಣಿ ನೋಡುವವರನ್ನು ನೀರು ಸಾರ್. ಮೊದಮೊದಲು ರಸ್ತೆ ಸಾರ್, "ತೇಲುವುದೆಲ್ಲ ಅವರದು" ಅಂದರು. ನೀರು ಸಾರ್, "ಚಕ್ರ ಇರುವುದೆಲ್ಲ ಅವರದು" ಅಂದರು. ಸೊಸೆ ಇಬ್ಬರನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಹೊಳೆದಡಕ್ಕೆ ಕರೆದಳು. ಅವಳ ಬುದ್ಧಿಗೆ ನಾನು ಆವತ್ತೇ ಕೈಮುಗಿದೆ. ಬೇರೆ ಬೇರೆ ಇದ್ದಾಗ ಗಾಡಿ ಯಾರಿಗೂ ಬೇಡವಾಗಿತ್ತು. ಎದುರುಬದುರು ನಿಂತ ಕೂಡಲೇ ಇಬ್ಬರಿಗೂ ಬೇಕಾಯಿತು.

ಜಗಳ ಹತ್ತಿದ್ದು ಸೀಟ್ ಬೆಲ್ಟಿಗೆ.

"ಚಕ್ರ ನೆಲ ಮುಟ್ಟಿಕೊಂಡಿರುವವರೆಗೆ ಬೆಲ್ಟ್ ಕಟ್ಟಿರಬೇಕು" ಅಂದರು ರಸ್ತೆ ಸಾರ್.

"ನೀರಿಗಿಳಿದ ಕೂಡಲೇ ಬಿಚ್ಚಿರಬೇಕು. ಮಗುಚಿದರೆ ಜನ ಈಜುವುದು ಹೇಗೆ? ಸೀಟು ಹೊತ್ತುಕೊಂಡಾ?" ಅಂದರು ನೀರು ಸಾರ್.

ನಮ್ಮ ಹೊಳೆಯ ದಡ ಇಳಿಜಾರು. ಗಾಡಿ ನೀರಿಗೆ ಬಂದ ಮೇಲೂ ಸ್ವಲ್ಪ ದೂರ ಚಕ್ರ ನೆಲದ ಮೇಲೇ ಇರುತ್ತದೆ. ಆ ಜಾಗದಲ್ಲಿ ಬೆಲ್ಟ್ ಕಟ್ಟಿರಬೇಕೋ, ಬಿಚ್ಚಿರಬೇಕೋ? ಇಬ್ಬರೂ ಪ್ಯಾಂಟು ಮಡಚಿಕೊಂಡು ನೀರಿಗಿಳಿದರು. ಒಬ್ಬರು "ಇದು ನೆಲ" ಅಂತ ಕಾಲು ಕುಟ್ಟಿದರು. ಇನ್ನೊಬ್ಬರು "ಇದು ನೀರು" ಅಂತ ಬೊಗಸೆಯಲ್ಲಿ ಎತ್ತಿ ತೋರಿಸಿದರು. ಇಬ್ಬರದೂ ಸರಿಯೇ. ಇಬ್ಬರ ಪ್ಯಾಂಟೂ ಒದ್ದೆ.

ಸೊಸೆ ಹೇಳಿದಳು: "ಸಾರೇ, ಗಾಡಿಯ ಮೂತಿ ನೀರಿಗೆ ತಾಗುವ ಮೊದಲೇ ನಿಲ್ಲಿಸುತ್ತೇನೆ. ನಿಂತಲ್ಲಿ ಎಲ್ಲರೂ ಬಿಚ್ಚಲಿ, ಆಮೇಲೆ ಇಳಿಸುತ್ತೇನೆ. ಬರುವಾಗ ದಡ ಹತ್ತಿ ನಿಲ್ಲಿಸುತ್ತೇನೆ, ಕಟ್ಟಲಿ."

"ಹಿಂದಿನ ಸಾಲಿಗೂ ಕೇಳುವ ಹಾಗೆ ಯಾರಾದರೂ ಕೂಗಿ ಹೇಳಬೇಕು" ಅಂದರು ರಸ್ತೆ ಸಾರ್.

ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮ ಊರಲ್ಲಿ ಹೊಲ ಅಂದರೆ ಈ ತುದಿಯಲ್ಲಿ ನಿಂತರೆ ಆ ತುದಿ ಕಾಣದಂಥವು. ಬುತ್ತಿ ತಂದಿದ್ದೇವೆ ಅಂತ ಅಲ್ಲಿಗೆ ಕೂಗಿ ಹೇಳಿ ಬೆಳೆದವಳು ನಾನು. ಈ ಗುಡ್ಡದ ಸೀಮೆಗೆ ಬಂದ ಮೇಲೆ "ಸಣ್ಣಗೆ ಮಾತಾಡು" ಅಂತ ಹೇಳಿಸಿಕೊಂಡೇ ಮುದುಕಿಯಾಗಿದ್ದೆ. ಆವತ್ತು ಸರಕಾರವೇ ಕೂಗು ಅಂದಿತು. ಎದೆತುಂಬ ಉಸಿರು ತೆಗೆದುಕೊಂಡು "ಬಿಚ್ರೀ!" ಅಂದೆ.

ತಮಾಷೆ ನೋಡಲು ಗಾಡಿ ಹತ್ತಿ ಕೂತಿದ್ದವರೆಲ್ಲ ಬೆಲ್ಟ್ ಬಿಚ್ಚಿದರು. ಹೊಳೆಯ ಆಚೆ ದಡದಲ್ಲಿ ಒಬ್ಬ ಮರಕ್ಕೆ ಎಮ್ಮೆ ಕಟ್ಟುತ್ತಿದ್ದ. ಅವನೂ ಬಿಚ್ಚಿಬಿಟ್ಟ.

ಎಂಜಿನ್ನಿಗೆ ಪಂಚೆ

ನನ್ನ ಮೈದುನ ನೇಮದವನು. ಬಾವಿಯಿಂದ ಸೇದಿದ ನೀರನ್ನು ಮಡಚಿದ ಬಟ್ಟೆಯಲ್ಲಿ ಸೋಸದೆ ಬಾಯಿಗೆ ಹಾಕಿದವನಲ್ಲ. ಬಟ್ಟೆಯಲ್ಲಿ ಉಳಿದ ಹುಳುಹುಪ್ಪಟೆಯನ್ನು ನೋಯದ ಹಾಗೆ ಮತ್ತೆ ಬಾವಿಗೇ ಬಿಡುತ್ತಾನೆ. ಇಂಥವನು ಸೊಸೆಯನ್ನು ಕೇಳಿದ: "ಗಾಡಿಯ ಅಡಿಯಲ್ಲಿ ಆ ತೂತು ಯಾತಕ್ಕೆ?"

"ಅದು ಬಾಯಿ, ಚಿಕ್ಕಮಾವ. ಹೊಳೆಯ ನೀರು ಅಲ್ಲಿಂದ ಒಳಗೆ ಬಂದರೇ ಎಂಜಿನ್ ತಣ್ಣಗಿರುವುದು."

ಮೈದುನ ಮತ್ತೆ ಮಾತಾಡಲಿಲ್ಲ. ಅವನು ಮಾತಾಡದಿದ್ದಾಗಲೇ ಹೆದರಬೇಕು ಅಂತ ನನಗೆ ಗೊತ್ತಿತ್ತು, ಆವತ್ತು ಮರೆತೆ.

ಪರೀಕ್ಷೆಯ ದಿನ ಇಬ್ಬರು ಸಾರ್‌ಗಳೂ ಹತ್ತಿ ಕೂತರು. ಗಾಡಿ ಹಂಸದ ಹಾಗೆ ಹೊಳೆಗಿಳಿಯಿತು. ನಡುಹೊಳೆಗೆ ಬಂದದ್ದೇ ತಡ, ಎಂಜಿನ್ ಬಿಸಿಯಾಗಿ ಬುಸುಗುಟ್ಟಿ, ಹೊಗೆ ಬಿಟ್ಟು ನಿಂತುಹೋಯಿತು. ಮೀನು ಹಿಡಿಯುವವರು ಹಗ್ಗ ಕಟ್ಟಿ ನಮ್ಮನ್ನು ದಡಕ್ಕೆ ಎಳೆದರು. ನೀರು ಸಾರ್ ಗಾಡಿಯ ಅಡಿಗೆ ಕೈಹಾಕಿ ಏನೋ ಜಗ್ಗಿದರು. ಮಾರುದ್ದದ ಬಿಳಿ ಬಟ್ಟೆ ಹೊರಗೆ ಬಂತು.

"ಎಂದಾ ಇದ್, ಏನಿದು? ಎಂಜಿನ್ನಿಗೆ ಪಂಚೆ ಉಡಿಸಿದ್ದೀರಾ?"

ಸೊಸೆ ಚಿಕ್ಕಮಾವನನ್ನು ನೋಡಿದಳು. ಮೈದುನ ಕಿಂಚಿತ್ತೂ ಅಳುಕಲಿಲ್ಲ. "ನಾನು ಕುಡಿಯುವ ನೀರು ಸೋಸುತ್ತೇನೆ ಸಾರೇ. ಅದು ನನಗಿಂತ ಹೆಚ್ಚು ಕುಡಿಯುತ್ತದೆ. ಸೋಸಬೇಡವಾ?"

ಪರೀಕ್ಷೆ ಫೇಲ್. ಮಳೆಯ ಮುನ್ನ ಇನ್ನೊಂದೇ ಅವಕಾಶ ಅಂದರು. ಸೊಸೆ ದಡದ ಕಲ್ಲಿನ ಮೇಲೆ ಮುಖ ಮುಚ್ಚಿ ಕೂತುಬಿಟ್ಟಳು. ಮೈದುನ ಮಾತ್ರ ಮೊಣಕಾಲುದ್ದ ನೀರಲ್ಲಿ ನಿಂತು ಪಂಚೆಯ ಮಡಿಕೆ ಬಿಡಿಸುತ್ತಿದ್ದ. ಒಳಗಿಂದ ಒಂದೊಂದೇ ಮೀನುಮರಿ, ಒಂದು ಸಣ್ಣ ಏಡಿ, ಎಲ್ಲ ಜೀವಂತ, ಕೈಯಿಂದ ಹೊಳೆಗೆ ಜಾರಿದವು.

"ನೋಡು ಮಗಳೇ, ನಾವು ಫೇಲಾದರೇನು, ಇವರೆಲ್ಲ ಪಾಸ್" ಅಂದ.

ಸೊಸೆಗೆ ಸಿಟ್ಟು ನೆತ್ತಿಗೇರಿತ್ತು, ಆದರೂ ನಕ್ಕುಬಿಟ್ಟಳು. ಮರುದಿನವೇ ಆ ಬಾಯಿಗೆ ಮೀನೂ ಒಳಹೋಗದ, ನೀರೂ ನಿಲ್ಲದ ಸ್ಟೀಲಿನ ಜಾಲರಿ ಹಾಕಿಸಿದಳು.

ಹೊತ್ತು ಮುಳುಗುವ ಮೊದಲು

ಕೊನೆಯ ಪರೀಕ್ಷೆ ತುಂಬಿದ ಗಾಡಿಯ ಪರೀಕ್ಷೆ. ಎಲ್ಲ ಸೀಟಿನಲ್ಲೂ ಜನ ಕೂತಿರಬೇಕು. ಅಷ್ಟೂ ಜನ ಒಂದೇ ಬದಿಗೆ ಸರಿದರೂ ಗಾಡಿ ಮಗುಚಬಾರದು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಆಕಾಶದಲ್ಲಿ ಮೋಡ ಆಗಲೇ ಕಟ್ಟುತ್ತಿತ್ತು. ಇದು ತಪ್ಪಿದರೆ ರೆಸಾರ್ಟ್‌ನವರು ಲಾರಿ ಕಳಿಸುವುದೇ.

ಸೊಸೆ ನೆಂಟರಿಷ್ಟರ ಮನೆಗಳಿಗೆಲ್ಲ ಹೇಳಿಕಳಿಸಿದಳು. ಬಸದಿ ಕಾಣದೆ ಕೊರಗಿದ್ದ ಮುದುಕ ಮುದುಕಿಯರೇ ಮೊದಲು ಬಂದರು. ಎಲ್ಲರಿಗೂ ಮುಂದಾಳು ನನ್ನ ನಾದಿನಿ, ನನ್ನ ಗಂಡನ ತಂಗಿ. ಹೊತ್ತು ಮುಳುಗಿದ ಮೇಲೆ ನಮ್ಮವರು ಉಣ್ಣುವುದಿಲ್ಲ, ಹಿರಿಯರಂತೂ ನೀರೂ ಮುಟ್ಟುವುದಿಲ್ಲ. ಹಾಗಾಗಿ ಎಲ್ಲರ ತೊಡೆಯ ಮೇಲೂ ಒಂದೊಂದು ಬುತ್ತಿ. ಇರಲಿ, ಬೇಗ ಮುಗಿದರೆ ಮನೆಯಲ್ಲೇ ಉಂಡರಾಯಿತು ಅಂತ.

ಬೇಗ ಎಲ್ಲಿ ಮುಗಿಯುತ್ತದೆ? ರಸ್ತೆ ಸಾರ್ ದೀಪ, ಬ್ರೇಕು, ವೈಪರು ಎಲ್ಲ ನೋಡಿ ಸೈ ಅಂದು ಇಳಿಯುವಷ್ಟರಲ್ಲಿ ಬಿಸಿಲು ಹಳದಿಯಾಗಿತ್ತು. ಸೊಸೆ ಗಾಡಿಯನ್ನು ಹೊಳೆಗಿಳಿಸಿದಳು. ನಡುನೀರಿನಲ್ಲಿ ನೀರು ಸಾರ್ ಎದ್ದು ನಿಂತು, "ಎಲ್ಲರೂ ದಯವಿಟ್ಟು ಎಡಕ್ಕೆ ಬನ್ನಿ" ಅಂದರು.

ಯಾರೂ ಅಲುಗಲಿಲ್ಲ.

"ಅಂಚಿನ ಸೀಟು ಬೇಕು ಅಂತಲೇ ಮೊದಲು ಬಂದದ್ದು ಸಾರೇ" ಅಂದರು ಒಬ್ಬರು ಅಜ್ಜ.

"ನನ್ನ ಮಂಡಿ ಮಡಿಸಲು ಬರುವುದಿಲ್ಲ. ಅವರನ್ನು ಕೇಳಿ" ಅಂದರು ಇನ್ನೊಬ್ಬರು.

ನೀರು ಸಾರ್ ಬೇಡಿದರು, ಗದರಿದರು, ಮತ್ತೆ ಬೇಡಿದರು. ಅಷ್ಟರಲ್ಲಿ ನಾದಿನಿ ತಲೆ ಎತ್ತಿದಳು.

"ಅಯ್ಯೋ, ಹೊತ್ತು ಎಲ್ಲಿ?"

ಎಡಗಡೆ ಗುಡ್ಡ. ಸೂರ್ಯ ಅದರ ಹಿಂದೆ ಸರಿದಿದ್ದ. ನಮ್ಮ ಊರಲ್ಲಿ ಸೂರ್ಯ ಭೂಮಿಯ ಅಂಚಿಗೇ ಇಳಿಯುತ್ತಾನೆ, ಕಂಡರೆ ಹಗಲು, ಕಾಣದಿದ್ದರೆ ರಾತ್ರಿ. ಇಲ್ಲಿ ಹಾಗಲ್ಲ. ಗುಡ್ಡದ ಹಿಂದೆ ಹೋದವನು ಮುಳುಗಿದನೋ, ಬರೀ ಮರೆಯಾದನೋ ಅಂತ ಮನೆಮನೆಯಲ್ಲೂ ವಾದ.

"ಮುಳುಗಿಲ್ಲ! ಆ ಕಣಿವೆಯ ಸಂದಿಯಲ್ಲಿ ನೋಡಿ, ಕೆಂಪು ಅಂಚು ಕಾಣುತ್ತದೆ!" ಅಂದ ನನ್ನ ಮೈದುನ.

ಮಂಡಿ ಮಡಿಸಲು ಬಾರದವರು ಮೊದಲು ಎದ್ದರು. ಗಾಡಿಯಲ್ಲಿದ್ದವರೆಲ್ಲ ಬುತ್ತಿ ಸಮೇತ ಎಡಗಡೆಗೆ ಧಾವಿಸಿ, ಒಂದು ಕಣ್ಣು ಸಂದಿಯಲ್ಲಿಟ್ಟು, ಡಬ್ಬಿ ತೆರೆದು, ಗಬಗಬ ತಿನ್ನತೊಡಗಿದರು. ಗಾಡಿ ಎಡಕ್ಕೆ ವಾಲಿತು. ನೀರು ಸಾರ್ ಕಂಬ ತಬ್ಬಿಕೊಂಡರು. ಹೊಳೆಯ ನೀರು ಅಂಚಿನ ಹತ್ತಿರ ಹತ್ತಿರ ಬಂತು, ಇಣುಕಿತು, ಅಲ್ಲೇ ನಿಂತಿತು. ಗಾಡಿ ಮಗುಚಲಿಲ್ಲ.

"ಎಡ, ಪಾಸ್!" ಅಂದರು ನೀರು ಸಾರ್, ಕಂಬ ಬಿಡದೆ. "ಈಗ ಬಲಕ್ಕೆ! ಎಲ್ಲರೂ ಬಲಕ್ಕೆ!"

"ಆ ಕಡೆ ಏನಿದೆ ಸಾರೇ, ಸೂರ್ಯ ಈ ಕಡೆ ಇದ್ದಾನೆ" ಅಂದಳು ನಾದಿನಿ, ಬಾಯಿತುಂಬ ಕಾಯಿ‌ಅನ್ನ ತುಂಬಿಕೊಂಡು.

ಇನ್ನು ಇವರನ್ನು ಬಲಕ್ಕೆ ಕಳಿಸಲು ತೀರ್ಥಂಕರರಿಗೂ ಸಾಧ್ಯವಿಲ್ಲ ಅಂತ ನನಗೆ ತಿಳಿಯಿತು. ಸೊಸೆಗೂ ತಿಳಿದಿರಬೇಕು. ಅವಳು ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಳು. ಗಾಡಿ ಮೆಲ್ಲಗೆ ಸುತ್ತು ಹೊಡೆದು ಬಂದ ದಿಕ್ಕಿಗೆ ಮುಖ ಮಾಡಿತು. ಗುಡ್ಡ ಈಗ ಬಲಗಡೆಗೆ ಬಂತು, ಸೂರ್ಯನೂ.

"ಅಯ್ಯೋ, ಆ ಕಡೆ ಹೋದ!" ಅಂತ ಯಾರೋ ಕೂಗಿದರು. ಅಷ್ಟೂ ಜನ, ಅಷ್ಟೂ ಬುತ್ತಿ, ಒಂದೇ ಉಸಿರಿಗೆ ಬಲಕ್ಕೆ! ಗಾಡಿ ಬಲಕ್ಕೆ ವಾಲಿತು, ತೂಗಿತು, ನಿಂತಿತು.

ನೀರು ಸಾರ್ ಕಡೆಗೂ ಕಂಬ ಬಿಟ್ಟು ಕೂತರು. ಆಮೇಲೆ, "ನನ್ನ ಸರ್ವೀಸಿನಲ್ಲಿ ಇಷ್ಟು ಪೂರ್ತಿಯಾಗಿ ಯಾವ ದೋಣಿಯ ಪರೀಕ್ಷೆಯೂ ಆಗಿಲ್ಲ" ಅಂದರು. ಅಲ್ಲೇ ತೊಡೆಯ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಸೊಸೆ ಹಾರ್ನ್ ಮೇಲೆ ಕೈಯಿಟ್ಟವಳು ತೆಗೆಯಲೇ ಇಲ್ಲ. ನಾನೂ ಮೈದುನನೂ ಅಕ್ಕಪಕ್ಕ ನಿಂತು ಅತ್ತೆವೋ ನಕ್ಕೆವೋ ನಮಗೇ ಗೊತ್ತಿಲ್ಲ.

ಕಣಿವೆಯ ಸಂದಿಯ ಕೆಂಪು ಆರಿತು. ನಾದಿನಿ ಬಾಯಿ ಒರೆಸಿಕೊಂಡಳು, ಡಬ್ಬಿ ಮುಚ್ಚಿದಳು, ಸೆರಗು ಸರಿಮಾಡಿಕೊಂಡು ಸೀಟಿನಲ್ಲಿ ನೆಟ್ಟಗೆ ಕೂತು ನೀರು ಸಾರ್ ಕಡೆ ತಿರುಗಿದಳು.

"ನಮ್ಮ ಊಟ ಆಯಿತು ಮಗನೇ. ಇನ್ನು ನಿನ್ನ ಪರೀಕ್ಷೆ ಶುರುಮಾಡು."