ಮುಳಬಾಗಿಲಿನ ಕೈಗುಣ

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ ಎಂದರೆ ಅದು ಸುದ್ದಿ. ತಾಲ್ಲೂಕು ವರದಿಗಾರನಾಗಿ ಈ ಮಾತನ್ನು ಹೊಣೆಯರಿತೇ ಬರೆಯುತ್ತಿದ್ದೇನೆ. ಅಪರೂಪಕ್ಕೆ ನಡೆಯುವುದು ಸುದ್ದಿಯಾಗುತ್ತದೆ. ನಮ್ಮ ಮೂರು ವರ್ಷದ ಮಗಳು ಧೃತಿಗೆ ನೆಗಡಿಯಾಯಿತು ಎನ್ನುವುದಕ್ಕೆ ಒಳಪುಟದ ಮೂಲೆಯಲ್ಲೂ ಜಾಗ ಸಿಗದು. ಅಂಗನವಾಡಿಗೆ ಸೇರಿಸಿದ ಮೇಲಂತೂ ಅವಳು ಅಲ್ಲಿಂದ ದಿನಕ್ಕೊಂದು ಹಾಡು, ವಾರಕ್ಕೊಂದು ಕೆಮ್ಮು ಕಲಿತು ಬರುತ್ತಾಳೆ. ಹಾಡನ್ನು ಮರೆಯುತ್ತಾಳೆ, ಕೆಮ್ಮನ್ನು ಮಾತ್ರ ಮನೆಮಂದಿಗೆಲ್ಲ ಹೇಳಿಕೊಡುತ್ತಾಳೆ. ಶ್ರೀನಿವಾಸಪುರದಲ್ಲಿರುವ ನನ್ನ ಅಕ್ಕ, ಕಾಯಿಲೆ ಯಾವುದೇ ಇರಲಿ, “ಮಾವಿನಕಾಯಿ ತಿಂದಿರ್ತಾಳೆ ಕಣೋ” ಎಂದು ಫೋನಿನಲ್ಲೇ ಕಾರಣ ಹೇಳಿಬಿಡುತ್ತಾಳೆ, ಮಾವು ಇನ್ನೂ ಹೂ ಬಿಡದ ಕಾಲದಲ್ಲೂ. ಇದಕ್ಕೆಲ್ಲ ನನ್ನ ತಕರಾರಿಲ್ಲ. ಮಕ್ಕಳೆಂದ ಮೇಲೆ ಜ್ವರ ಬರುತ್ತದೆ, ಹೋಗುತ್ತದೆ. ನನ್ನ ತಕರಾರು ಅದು ಹೋಗುವ ದಾರಿಯ ಬಗ್ಗೆ. ನಮ್ಮ ಮನೆಯ ಜ್ವರ ಮಾಲೂರಿನಿಂದ ಕೋಲಾರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಮುಳಬಾಗಿಲಿನಲ್ಲಿ ಇಳಿಯಬೇಕು.

ನಾವಿರುವ ಮಾಲೂರಿನಲ್ಲಿ ವೈದ್ಯರಿಗೆ ಬರವಿಲ್ಲ. ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಮಕ್ಕಳ ಡಾಕ್ಟರೊಬ್ಬರ ಕ್ಲಿನಿಕ್ಕಿದೆ. ಆದರೆ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ; ಹೆಂಡತಿ ಶೈಲಾಳ ತವರು ಮುಳಬಾಗಿಲು. ಮಗಳಿಗೆ ಮೊದಲ ಜ್ವರ ಬಂದದ್ದು ಅಲ್ಲಿ, ಇಳಿಸಿದ್ದು ಅಲ್ಲಿನ ಒಬ್ಬ ವಯಸ್ಸಾದ ಡಾಕ್ಟರು. ಅಂದೇ ತೀರ್ಪಾಯಿತು: ಈ ಮಗುವಿಗೆ ಅವರ ಕೈಗುಣವೇ ಆಗಿಬರುವುದು. ಮೇಲ್ಮನವಿಗೆ ಅವಕಾಶವಿಲ್ಲ. ತೀರ್ಪು ಕೊಟ್ಟವರು ನಮ್ಮ ಅತ್ತೆ, ಮತ್ತು ಅವರು ಈಗ ಮೊಮ್ಮಗಳನ್ನು ನೋಡಿಕೊಳ್ಳಲು ನಮ್ಮ ಮನೆಯಲ್ಲೇ ಇದ್ದಾರೆ.

ಕಳೆದ ತಿಂಗಳು ಮತ್ತೆ ಜ್ವರ ಬಂತು. ಅತ್ತೆ ಬಿಸಿನೀರಿನ ಫ್ಲಾಸ್ಕು ತೊಳೆಯತೊಡಗಿದರು. ನಮ್ಮಲ್ಲಿ ಫ್ಲಾಸ್ಕು ತೊಳೆದರೆ ಮುಳಬಾಗಿಲಿಗೆ ಹೊರಟಂತೆಯೇ. ಈ ಸಲ ನಾನು ಅಡ್ಡ ನಿಂತೆ.

“ಇಲ್ಲೇ ತೋರಿಸೋಣ ಅತ್ತೆ. ಮೈ ಸುಡ್ತಿರೋ ಮಗೂನ ಅಷ್ಟು ದೂರ ಬಸ್ಸಲ್ಲಿ ಕುಲುಕಿಸ್ಕೊಂಡು ಹೋಗೋದು ಯಾವ ನ್ಯಾಯ?”

“ಅಯ್ಯೋ ದೇವುಡಾ! ಹೆತ್ತ ಮಗಳ ಮೇಲೇ ಪರೀಕ್ಷೆ ಮಾಡ್ತೀರಾ ಅಳಿಯಂದ್ರೇ?”

“ರೀ, ಇಳೀಲಿಲ್ಲ ಅಂದ್ರೆ?” ಎಂದಳು ಶೈಲಾ.

“ಇಳೀಲಿಲ್ಲ ಅಂದ್ರೆ ಇನ್ಮೇಲೆ ಬರೀ ಸೀನಿದ್ರೂ ಮುಳಬಾಗಿಲಿಗೇ ಕರ್ಕೊಂಡು ಹೋಗ್ತೀನಿ, ಬಾಯಿ ಬಿಡಲ್ಲ. ಇಳಿದ್ರೆ ಆ ದಾರಿ ಇವತ್ತಿಗೇ ಬಂದ್.”

ಪಂಥ ಕಟ್ಟಿ ಮಗಳನ್ನೆತ್ತಿಕೊಂಡು ಕ್ಲಿನಿಕ್ಕಿಗೆ ಹೋದೆ. ಡಾಕ್ಟರಮ್ಮ ಸಮಾಧಾನವಾಗಿ ನೋಡಿ, “ವೈರಲ್ಲು. ಎರಡು ಮೂರು ದಿನ ಇರುತ್ತೆ. ನೀರು ಚೆನ್ನಾಗಿ ಕುಡಿಸಿ” ಎಂದು ಸಿರಪ್ಪು ಬರೆದುಕೊಟ್ಟರು. ಸಂಜೆಗೆ ಜ್ವರ ಇಳಿಯಿತು. ನಾನು ಎದೆಯುಬ್ಬಿಸುವಷ್ಟರಲ್ಲಿ ಮತ್ತೆ ಏರಿತು. ಮರುದಿನವೂ ಅದೇ ಆಟ. ಅತ್ತೆ ಫ್ಲಾಸ್ಕನ್ನು ನಾನು ಓದಲು ಕೂರುವ ಮೇಜಿನ ಮೇಲೆ ತಂದಿಟ್ಟರು. ಅದರ ಮರುದಿನ ಬೆಳಗ್ಗೆ ಮಗುವಿನ ಹಣೆ ಬಿಸಿಯಿದೆ ಎಂದು ಅವರು, ಇಲ್ಲ ಎಂದು ನಾನು. ಥರ್ಮಾಮೀಟರು ಯಾರ ಪರವೂ ವಹಿಸದೆ ನಡುವೆಲ್ಲೋ ನಿಂತಿತು. ನಿಷ್ಪಕ್ಷಪಾತದ ಮೇಲೆ ನನಗೆ ಮೊದಲ ಬಾರಿಗೆ ಸಿಟ್ಟು ಬಂತು. ಬಸ್ಸು ಹತ್ತಿದೆವು.

ಕೋಲಾರದ ಬಸ್‌ ನಿಲ್ದಾಣದಲ್ಲಿ ಇಳಿಯುತ್ತಲೇ ಧೃತಿ ಚುರುಮುರಿ ಕೇಳಿದಳು. ಕೊಡಿಸುವುದಿಲ್ಲ ಎಂದಾಗ ಇಡೀ ನಿಲ್ದಾಣ ತಿರುಗಿ ನೋಡುವಂತೆ ನೆಲಕ್ಕೆ ಬಿದ್ದು ಒದ್ದಾಡಿದಳು. ಹಣೆ ಮುಟ್ಟಿದೆ. ತಣ್ಣಗಿತ್ತು.

“ನೋಡಿ, ಇಳಿದಿದೆ! ಮಾಲೂರಿನ ಔಷಧಿ! ನಡೀರಿ ವಾಪಸ್.”

“ಡಾಕ್ಟ್ರ ಹತ್ರ ಹೊರಟ್ವಿ ಅಂತ ಗೊತ್ತಾಗಿ ಓಡೋಗಿದೆ ಅಷ್ಟೆ,” ಎಂದರು ಅತ್ತೆ. “ಅರ್ಧ ದಾರೀಲಿ ತಿರುಗಿದ್ರೆ ಮತ್ತೆ ಬಂದು ಹಿಡ್ಕೊಳ್ತದೆ.”

ಪಕ್ಕದ ಬೆಂಚಿನಲ್ಲಿ ಟೋಪಿ, ಮಫ್ಲರುಗಳಲ್ಲಿ ಸುತ್ತಿದ ಮಗುವನ್ನು ಹಿಡಿದುಕೊಂಡು ಒಬ್ಬರು ಕೂತಿದ್ದರು. ಸುದ್ದಿಗಾರನ ಚಟ, ವಿಚಾರಿಸಿದೆ. “ನಮ್ದು ಮುಳಬಾಗ್ಲು ಸಾರ್. ಇವನಿಗೆ ಮಾಲೂರು ಡಾಕ್ಟರಮ್ಮನ ಕೈಗುಣಾನೇ ಆಗೋದು. ಬೇರೆ ಎಲ್ಲಿ ತೋರಿಸಿದ್ರೂ ಜ್ವರ ಜಗ್ಗಲ್ಲ” ಎಂದರು. ಯಾವ ಡಾಕ್ಟರಮ್ಮ ಎಂದು ಕೇಳಿದೆ. ನಮ್ಮ ಮನೆಯಿಂದ ಕೂಗಿದರೆ ಕೇಳುವವರೇ! ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ಅತ್ತೆಯತ್ತ ತಿರುಗಿದೆ. ಅವರು ಕನಿಕರದಿಂದ ಆ ಮಗುವಿನ ಕೆನ್ನೆ ಸವರಿ, “ಹೌದಪ್ಪಾ, ಒಬ್ಬೊಬ್ಬರಿಗೆ ಒಬ್ಬೊಬ್ಬರ ಕೈ” ಎಂದುಬಿಟ್ಟರು. ನಾನು ಹುಡುಕಿ ತಂದ ಸಾಕ್ಷಿ ನನ್ನ ಕಣ್ಣೆದುರೇ ಆ ಕಡೆಗೆ ಹೋಗಿ ಕೂತಿತು.

ಮುಳಬಾಗಿಲಿನಲ್ಲಿ ಡಾಕ್ಟರು ಧೃತಿಯ ಎದೆ, ಗಂಟಲು ನೋಡಿದರು. ನಾನು ಸಿರಪ್ಪಿನ ಬಾಟಲಿ ಮುಂದೆ ಹಿಡಿದೆ. ಅದನ್ನು ತಿರುಗಿಸಿ ಓದಿ ಹಿಂದಕ್ಕೆ ಕೊಡುತ್ತಾ, “ಸರಿಯಾದ ಔಷಧೀನೇ ಕೊಟ್ಟಿದಾರೆ. ಜ್ವರ ಬಂದ್ರೆ ಇದನ್ನೇ ಕೊಡಿ. ಅಲ್ಲಾರೀ, ಮಗು ಚೆನ್ನಾಗಿದೆ, ಇಷ್ಟು ದೂರ ಯಾಕೆ ಬಂದ್ರಿ?” ಎಂದರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು.

ಹೊರಗೆ ಬಂದವನೇ, “ಕೇಳಿದ್ರಾ ಅತ್ತೆ? ಅದೇ ಔಷಧಿ! ಅದೇ ಬಾಟ್ಲಿ!” ಎಂದೆ.

“ಅದೇ ಔಷಧಿನೇ, ಯಾರು ಇಲ್ಲ ಅಂದ್ರು?” ಎಂದರು ಅತ್ತೆ. “ಈಗ ಅವರು ಮುಟ್ಟಿ ಕೊಟ್ರಲ್ಲ.”

ಎಂಥೆಂಥ ಮುಖಂಡರನ್ನು ಮರುಪ್ರಶ್ನೆ ಹಾಕಿ ತಡವರಿಸುವಂತೆ ಮಾಡಿದ ನಾನು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ. ಶೈಲಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಪಂಥದಲ್ಲಿ ಗೆದ್ದವರಾರು ಎಂಬುದು ಈ ಕ್ಷಣದವರೆಗೂ ಖಚಿತಪಟ್ಟಿಲ್ಲ.

ಧೃತಿ ಮತ್ತೆ ಅಂಗನವಾಡಿಗೆ ಹೊರಟಳು. ಜ್ವರವನ್ನು ನನಗೆ ವಹಿಸಿಕೊಟ್ಟು. ಹತ್ತಿರದ ಇನ್ನೊಬ್ಬ ಡಾಕ್ಟರಿಗೇ ತೋರಿಸಿದೆ. ಅದೇ ವೈರಲ್ಲು, ಅದೇ ಎರಡು ಮೂರು ದಿನ. ಮೊದಲ ದಿನ ಸಿದ್ಧಾಂತದ ಬಲದಿಂದ ಮಲಗಿದ್ದೆ. ಎರಡನೆಯ ದಿನ ಕಾಫಿ ಕಹಿಯಾಯಿತು, ಮೈಕೈಯೆಲ್ಲ ಯಾರೋ ಹಿಂಡಿದಂತಾಯಿತು. ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಔಷಧಿಯೇನೋ ಸರಿಯಾದದ್ದೇ. ಆದರೆ ಯಾರೂ ಮುಟ್ಟಿ ಕೊಟ್ಟಿರಲಿಲ್ಲ. ಅಂಗಡಿಯವನು ಕವರಿಗೆ ಹಾಕಿ ದೂಡಿದ್ದ. ಮುಳಬಾಗಿಲಿನ ಆ ಮಕ್ಕಳ ಡಾಕ್ಟರು ದೊಡ್ಡವರ ಮಾತ್ರೆ ಮುಟ್ಟುತ್ತಾರೋ ಇಲ್ಲವೋ, ಹೋಗಿ ವಿಚಾರಿಸುವುದರಲ್ಲಿ ತಪ್ಪೇನು? ಎರಡೂ ಕಡೆಯವರ ಅಭಿಪ್ರಾಯ ಪಡೆಯುವುದು ವೃತ್ತಿಧರ್ಮವಲ್ಲವೇ?

“ಅತ್ತೆ,” ಎಂದು ಹಾಸಿಗೆಯಿಂದಲೇ ಮೆಲ್ಲಗೆ ಕರೆದೆ, “ಆ ಫ್ಲಾಸ್ಕು ಎಲ್ಲಿದೆ?”

ಅಡುಗೆಮನೆಯಿಂದ ಉತ್ತರ ತಡವಾಗಲಿಲ್ಲ: “ಆಗ್ಲೇ ತೊಳೆದಿಟ್ಟಿದೀನಿ ಅಳಿಯಂದ್ರೇ.”