ಹಿಂದಿನ ಸದ್ದು

"ಅತ್ತಿಗೆಮ್ಮ, ಇನ್ನ ಮೆಕ್ಯಾನಿಕ್‌ಗಳೆಲ್ಲ ನಿಮ್ಮ ಭಟ್ಟಿಗೆ ಮಂಡಕ್ಕಿ ಹುರಿಯಾಕೆ ಬರ್ಬೇಕು ನೋಡ್ರಿ!"

ಮೈದುನ ಮರುಳಸಿದ್ಧ ಎದೆಯುಬ್ಬಿಸಿ ತಂದಿಟ್ಟ ಪೆಟ್ಟಿಗೆ ಕಂಡು ಚೆನ್ನಾಜಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಹೋದ ವರ್ಷ ಇವನ ಮಂಡಕ್ಕಿ ಯಂತ್ರ ಮೂರು ಚೀಲ ಮಂಡಕ್ಕಿಯನ್ನು ಪಕ್ಕದ ಬೀದಿಯ ಮಾಳಿಗೆ ಮೇಲೆ ಹಾರಿಸಿತ್ತು. ಅದನ್ನು ಬಳಿದು ತಂದವಳು ಇವಳೇ.

ಆದರೆ ಇವತ್ತು ಬೇರೆ ದಾರಿ ಇರಲಿಲ್ಲ. ಅವಳ ಪಿಕಪ್ ಗಾಡಿಯ ಹಿಂಭಾಗದಲ್ಲಿ ಐದು ದಿನದಿಂದ ಗರ್ರ್ ಗರ್ರ್ ಎಂದು ಅರೆಯುವ ಸದ್ದು. ಮಂಡಕ್ಕಿಯ ಗಡಿಬಿಡಿಯಲ್ಲಿ 'ಬರ್ಲಿ ಬಿಡು' ಅಂದುಕೊಂಡದ್ದು ಈಗ ದುಪ್ಪಟ್ಟಾಗಿತ್ತು. ಗ್ಯಾರೇಜಿನವನು ನೆಂಟರ ಮದುವೆಗೆ ಹೋಗಿದ್ದ. ಗಾಡಿಯಲ್ಲಿ ಸಾಗುವಾನಿ ತೊಟ್ಟಿಲು ಏರಿ ಕೂತಿತ್ತು. ಹನ್ನೊಂದಕ್ಕೆ ಹರಿಹರದಲ್ಲಿ ಮೊಮ್ಮಗಳ ನಾಮಕರಣ. ತವರಿನ ತೊಟ್ಟಿಲು ಹೊತ್ತಿಗೆ ಬರದಿದ್ದರೆ ಹಳೇ ಸೀರೆಯ ಜೋಲಿ ಕಟ್ಟಿ ಮಗು ಮಲಗಿಸುತ್ತೇವೆ ಎಂದು ಬೀಗಿತ್ತಿ ನೀಲಮ್ಮ ಹೇಳಿ ಕಳಿಸಿದ್ದಳು. ಸೀಮಂತಕ್ಕೆ ತಾನು ಎರಡು ತಾಸು ತಡವಾಗಿ ಹೋದದ್ದಕ್ಕೆ ಮಗಳು ಇವತ್ತಿಗೂ ಮಾತು ಕೇಳುತ್ತಿದ್ದಳು. ಇನ್ನೊಮ್ಮೆ ಅವಳ ತಲೆ ತಗ್ಗಿಸಲು ಚೆನ್ನಾಜಮ್ಮ ತಯಾರಿರಲಿಲ್ಲ.

ಮರುಳಸಿದ್ಧ ಗಾಡಿಯಡಿ ನುಸುಳಿ ಪೆಟ್ಟಿಗೆಯನ್ನು ಅಯಸ್ಕಾಂತದಿಂದ ಹಿಂದಿನ ಆಕ್ಸಲಿಗೆ ಅಂಟಿಸಿದ. ಬಾಯಲ್ಲಿ ಹೇಳಿದರೆ ಸಾಕು, ಎಂಥ ಸದ್ದಿನ ಮೂಲವನ್ನೂ ಹುಡುಕುತ್ತದಂತೆ. ಇಡೀ ನಿಘಂಟನ್ನೇ, ಒಂದು ಅರ್ಥವನ್ನೂ ಬಿಡದೆ, ಅದಕ್ಕೆ ಕುಡಿಸಿದ್ದನಂತೆ.

"ಹಿಂದಿನ ಸದ್ದು ಹುಡುಕು!" ಎಂದು ಅಪ್ಪಣೆ ಕೊಟ್ಟ.

ಪೆಟ್ಟಿಗೆ ಕೆಮ್ಮಿತು. ಆಮೇಲೆ ಮೈಕಿನಷ್ಟು ಗಟ್ಟಿಯಾಗಿ ಚೆನ್ನಾಜಮ್ಮನದೇ ದನಿ ಕೇಳಿತು: "ಯಾರದು ಮೂಟೆ ಮೇಲೆ ಕುಂತಿರೋದು? ಇಳೀರಿ ಕೆಳಗೆ!"

ಅವಳು ಬಾಯಿ ಮುಟ್ಟಿ ನೋಡಿಕೊಂಡಳು. ತುಟಿ ಪಿಟಕ್ಕೆಂದಿರಲಿಲ್ಲ. ಅದು ಅವಳು ನಿನ್ನೆ ಆಡಿದ ಮಾತು! ಗಾಡಿಯ ಹಿಂಭಾಗ ಹುಡುಕು ಎಂದರೆ ಪೆಟ್ಟಿಗೆ ಗಾಡಿಯ ಹಿಂದಿನ ದಿನಗಳನ್ನು ಹುಡುಕತೊಡಗಿತ್ತು. ತಗಡಿಗೆ ಅಂಟಿದ ಹಳೇ ಸದ್ದುಗಳನ್ನೆಲ್ಲ ಕೆರೆದು ತೆಗೆಯುತ್ತಿದೆ, ಜಗತ್ತಿನಲ್ಲೇ ಮೊದಲು ಎಂದು ಮರುಳಸಿದ್ಧ ಕುಣಿದಾಡಿದ. ನಿಲ್ಲಿಸು ಅಂದರೆ, ಅದನ್ನಿನ್ನೂ ಕಲಿಸಿಲ್ಲ ಎಂದ. ಹಾರೆ ಹಾಕಿ ಮೀಟಿದರೂ ಅಯಸ್ಕಾಂತ ಬಿಡಲಿಲ್ಲ.

ಗಂಟೆ ಹತ್ತಾಯಿತು. ಚೆನ್ನಾಜಮ್ಮ ಸೆರಗು ಸಿಕ್ಕಿಸಿ ಸ್ಟೇರಿಂಗ್ ಹಿಡಿದಳು.

ಸದ್ದಿಗೆ ಹೆದರಿ ಆಮೆ ನಡಿಗೆಯಲ್ಲೇ ಹೊರಟರು. ಊರು ದಾಟುವಾಗ ಮಂಗಳವಾರ ಮುಗಿದು ಸೋಮವಾರ ಶುರುವಾಯಿತು. "ಈ ಅಜ್ಜ ಸ್ಕೂಟರ್ ಓಡಿಸ್ತಾನೋ, ಎಮ್ಮೆ ಮೇಯಿಸ್ತಾನೋ!" ಎಂದು ಗಾಡಿ ಕೂಗಿದಾಗ ಪಕ್ಕದಲ್ಲೇ ಬರುತ್ತಿದ್ದ ಬೇರೊಬ್ಬ ಅಜ್ಜ ಒಂದು ಮೈಲಿ ಬೆನ್ನಟ್ಟಿ ಬೈದ. ಭಾನುವಾರ ಅವಳು ಸೋಬಾನೆ ಪದ ಹಾಡಿಕೊಂಡಿದ್ದಳು, ಅದೊಂದೇ ಪುಣ್ಯ. ಶನಿವಾರ ಮಂಡಕ್ಕಿ ದರಕ್ಕೆ ಆಡಿದ ಜಗಳ ಕೇಳುತ್ತಿದ್ದಾಗ ಅವಳಿಗೆ ತಟ್ಟನೆ ಹೊಳೆಯಿತು. ಮುಂದಿನದು ಶುಕ್ರವಾರ. ಶುಕ್ರವಾರ ಬೀಗರ ಮನೆಯಲ್ಲಿ ಉಂಡು ಬರುವಾಗ ದಾರಿಯುದ್ದಕ್ಕೂ ತಾನು ಆಡಿದ್ದೇನು?

"ಮರುಳಾ, ಹೆಂಗಾರ ಮಾಡಿ ಅದರ ಬಾಯಿ ಮುಚ್ಚೋ!" ಎಂದು ಅಂಗಲಾಚಿದಳು.

ಅದು ಅವನಿಂದ ಆಗಲಿಲ್ಲ, ಗಾಡಿಯೂ ನಿಲ್ಲಲಿಲ್ಲ. ನಿಂತರೆ ಜೋಲಿ, ಹೋದರೆ ಮಾನಭಂಗ. ತೊಟ್ಟಿಲು ಮೊದಲು ಮುಟ್ಟಲಿ ಎಂದು ಅವಳು ಹಲ್ಲು ಕಚ್ಚಿ ಓಡಿಸಿದಳು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಗಾಡಿ ಬೀಗರ ಬಾಗಿಲಿಗೆ ಬಂತು. ಹೋಳಿಗೆ ಬೇಯಿಸುತ್ತಿದ್ದ ನೀಲಮ್ಮ ಕೈಯಲ್ಲಿ ಸಟ್ಟುಗ ಹಿಡಿದೇ ಹೊರಗೆ ಬಂದಳು. ಇಡೀ ಚಪ್ಪರ ಕೇಳುವ ಹಾಗೆ ಗಾಡಿ ಮಾತಾಡಿತು.

"ಆ ನೀಲಮ್ಮನ ಹೋಳಿಗೆ ಐತಲ್ಲ ಮರುಳಾ, ಸ್ಟೆಪ್ನಿ ಇಲ್ಲದಾಗ ಅದನ್ನೇ ಹಾಕ್ಕಂಡು ಹೋಗ್ಬಹುದು."

ಚಪ್ಪರದ ಮುಖಗಳೆಲ್ಲ ನೀಲಮ್ಮನ ಕಡೆ ತಿರುಗಿದವು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಚೆನ್ನಾಜಮ್ಮನಿಗೆ. ಮಗಳು ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ಕಲ್ಲಾಗಿ ನಿಂತಳು. ಪೆಟ್ಟಿಗೆ ಮಾತ್ರ ನಿಲ್ಲಲಿಲ್ಲ. ಜಲ್ಲಿ ಮೇಲೆ ಗಾಲಿ ಉರುಳಿದ ಸದ್ದು. ಠಣ್! ಆಮೇಲೆ ಮರುಳಸಿದ್ಧನ ದನಿ: "ಅತ್ತಿಗೆಮ್ಮ, ಹಿಂದೆ ಏನೋ ಸಿಗಹಾಕ್ಕಂತು." ಅವಳದು: "ಸಿಗ್ಲಿ ಬಿಡು, ಮೊದ್ಲು ಹೋಳಿಗೆ ವಿಷ್ಯ ಕೇಳು." ಅಲ್ಲಿಂದ ಶುರು, ಗರ್ರ್ ಗರ್ರ್. ಮೂಲ ಸಿಕ್ಕಿತೆಂಬಂತೆ ಪೆಟ್ಟಿಗೆ ಬಾಯಿ ಮುಚ್ಚಿತು.

ನೀಲಮ್ಮ ಲಾರಿ ಮಾಲೀಕರ ಮಗಳು. ಗಾಡಿಯ ಹಿಂದಿನ ಗಾಲಿಯ ಬಳಿ ಕುಕ್ಕರುಗಾಲಲ್ಲಿ ಕೂತಳು. ಬ್ರೇಕಿನ ಡ್ರಮ್ಮಿಗೂ ಅದರ ತಗಡಿಗೂ ನಡುವೆ ಸಟ್ಟುಗ ತೂರಿಸಿ ಮೀಟಿದಳು. ಗೋಲಿ ಗಾತ್ರದ ಜಲ್ಲಿಕಲ್ಲು ಟಣ್ಣನೆ ಉದುರಿತು.

"ನನ್ನ ಹೋಳಿಗೆ ಸ್ಟೆಪ್ನಿ ಆಗ್ತೈತೋ ಇಲ್ವೋ, ಸಟ್ಟುಗ ಮೆಕ್ಯಾನಿಕ್ ಪಾನಾ ಆತು ನೋಡ್ರಿ" ಎಂದಳು.

ಚೆನ್ನಾಜಮ್ಮ ಅವಳ ಕೈ ಹಿಡಿದುಕೊಂಡಳು. ತಪ್ಪಾಯಿತು ಎನ್ನುವಷ್ಟರಲ್ಲಿ ನೀಲಮ್ಮನಿಗೇ ನಗು ಉಕ್ಕಿತು, ಇಡೀ ಚಪ್ಪರವೂ ನಕ್ಕಿತು. ತೊಟ್ಟಿಲು ಇಳಿಯಿತು, ಹೂವು ಸುತ್ತಿದರು, ಸರಿಯಾಗಿ ಹನ್ನೊಂದಕ್ಕೆ ಮಗು ಅದರಲ್ಲಿ ಮಲಗಿತು. ಮಗಳು ಅಮ್ಮನ ಮುಖ ನೋಡಿದ ರೀತಿಗೆ ಚೆನ್ನಾಜಮ್ಮನ ಕಣ್ಣು ತುಂಬಿತು.

ಹೆಸರಿಡುವ ಸೋದರತ್ತೆ, ನೀಲಮ್ಮನ ಮಗಳು, ಮಗುವಿನ ಕಿವಿಯ ಬಳಿ ಬಗ್ಗಿದಳು. ಹೆಸರು ಅವಳ ಮುಷ್ಟಿಯ ಚೀಟಿಯಲ್ಲಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಆಗಲೇ ಮರುಳಸಿದ್ಧ, ಹೇಗೂ ಬಂದಿದ್ದೇವೆ, ಮುಂದಿನ ಗಾಲಿಯನ್ನೂ ಒಮ್ಮೆ ಪರೀಕ್ಷಿಸಿ ಬಿಡೋಣ ಎಂದು ಗಾಡಿಯಡಿ ಬಗ್ಗಿ ಕೂಗಿದ: "ಮುಂದಿನ ಸದ್ದು ಹುಡುಕು!"

ಪೆಟ್ಟಿಗೆ ಕೆಮ್ಮಿತು. ಚೆನ್ನಾಜಮ್ಮನ ದನಿ ಬಂತು, ಆದರೆ ಹಲ್ಲು ಬಿದ್ದ ಮುದುಕಿಯ ದನಿ: "ಚಿತ್ಕಳಾ, ನಿಧಾನ ಓಡ್ಸೇ, ಹಿಂದೆ ಏನೋ ಸದ್ದು ಬರ್ತೈತಿ." ಹದಿಹರೆಯದ ಹುಡುಗಿಯೊಬ್ಬಳು ಕಿಲಕಿಲ ನಕ್ಕಳು: "ಬರ್ಲಿ ಬಿಡಜ್ಜಿ, ಮೊದ್ಲು ನೀಲಜ್ಜಿ ಹೋಳಿಗೆ ವಿಷ್ಯ ಕೇಳು."

ಸೋದರತ್ತೆ ನಿಧಾನವಾಗಿ ಮುಷ್ಟಿ ಬಿಚ್ಚಿ ಚೀಟಿ ತೋರಿಸಿದಳು. ಚಿತ್ಕಳಾ ಎಂದೇ ಇತ್ತು.

ಹೆಸರಿಟ್ಟವರಿಗೆ ಸೀರೆ ಕೊಡುವುದು ಪದ್ಧತಿ. ಈಗ ಯಾರಿಗೆ ಕೊಡುವುದು ಎಂದು ಹಿರಿಯರು ಪೇಚಿಗೆ ಬಿದ್ದರು.

"ಸೀರೆ ನನ್ನ ಮಗಳಿಗೇ ಇರ್ಲಿ. ಆ ಪೆಟ್ಟಿಗೆಗೆ ಒಂದು ಕುಬುಸದ ಕಣ ಕೊಡ್ರಿ" ಎಂದಳು ನೀಲಮ್ಮ, "ಬಾಯಿಗೆ ತುರುಕಾಕೆ."