ಒಂದು ಗಂಟೆ ಮುಂಚೆ

ಹದ್ದಣ್ಣನ ಬಾಳು ಹದಗೆಟ್ಟದ್ದು ಒಂದು ಗಂಟೆಯಿಂದ. ಗಡಿಯಾರದ ಗಂಟೆಯಿಂದಲೋ, ಗಂಟೆ ಎಂಬ ಮಾತಿನಿಂದಲೋ ಎಂದು ಕೇಳಿದರೆ ಅವನಿಗೇ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಹಿಂದಿನ ದಿನ ಸಂಜೆ ಔಷಧಿ ಅಂಗಡಿಯಲ್ಲಿ ಡಾಕ್ಟರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಲಂಚ ಕೊಡುವವನ ಹಾಗೆ ಗಾಜಿನ ಮೇಲೆ ಜಾರಿಸಿದ್ದ. ಅಂಗಡಿಯವನು ಅದನ್ನು ಬಿಡಿಸಿ ಓದಿ, ಬೀದಿಗೆಲ್ಲ ಕೇಳುವ ಗಂಟಲಿನಲ್ಲಿ ಶುರುಮಾಡಿದ.

"ದಿನಕ್ಕೆ ಒಂದೇ ಮಾತ್ರೆ. ಒಂದು ಗಂಟೆ ಮುಂಚೆ ತಗೊಳ್ಳಿ. ನಾಲ್ಕು ಗಂಟೆ ಮೀರಿದ್ರೆ ಸುಮ್ನೆ ಕೂರಬೇಡಿ, ಡಾಕ್ಟ್ರ ಹತ್ರ ಓಡಿ. ಎದೆನೋವಿಗೆ ನಾಲಿಗೆ ಕೆಳಗಿಡೋ ಮಾತ್ರೆ ಇರುತ್ತಲ್ಲ, ಅದರ ಜೊತೆ ಮಾತ್ರ ಅಪ್ಪಿತಪ್ಪಿಯೂ ಬೇಡ. ಬಿಪಿ ಕೆಳಕ್ಕಿಳಿಯುತ್ತೆ, ಆಳು ಮೇಲಕ್ಕೆ ಹೋಗ್ತಾನೆ. ಅರ್ಥ ಆಯ್ತಾ?"

ಅರ್ಥ ಆಗಿರಲಿಲ್ಲ. ಯಾವ ಒಂದು ಗಂಟೆ, ಯಾವುದಕ್ಕೆ ಮುಂಚೆ ಎಂದು ಕೇಳಲು ಹದ್ದಣ್ಣ ಬಾಯಿ ತೆರೆದ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಪಕ್ಕದ ಮನೆ ಅತ್ತೆಯ ದನಿ ಬಂತು.

"ಏನಪ್ಪಾ, ಹುಷಾರಿಲ್ವಾ?"

"ನೆಗಡಿ ಅತ್ತೆ" ಎಂದವನೇ ಮಾತ್ರೆ ಬಾಚಿಕೊಂಡು ಓಟ ಕಿತ್ತ.

ಹೀಗೆ ಅವನು ತಪ್ಪಿಸಿಕೊಂಡ ಒಂದು ಪ್ರಶ್ನೆ ಮರುದಿನ ಅವನನ್ನು ಅಟ್ಟಿಸಿಕೊಂಡು ಬಂತು. ಪೊಟ್ಟಣದೊಳಗೆ ಒಂದು ಹಾಳೆ ಇತ್ತು, ನಿಜ. ಅದರ ಅಕ್ಷರಗಳನ್ನು ಓದಲು ಇರುವೆಗೂ ಕನ್ನಡಕ ಬೇಕಾಗುತ್ತಿತ್ತು. ಜನ ಓದಬಾರದು ಅಂತಲೇ ಅಚ್ಚು ಹಾಕಿಸುವವರ ಮೇಲೆ ಯಾರೂ ಕೇಸು ಹಾಕುವುದಿಲ್ಲ.

ಹದ್ದಣ್ಣನಿಗೆ ಆ ಹೆಸರು ಬಂದದ್ದು ಕಣ್ಣಿನಿಂದ. ಊರಿನ ದೊಡ್ಡ ಲಾಂಡ್ರಿಯಲ್ಲಿ ಅವನು ತಪಾಸಣೆಯವನು. ಕಿಟಕಿ ಪಕ್ಕದ ಮೇಜು, ಒಂದು ಕುರ್ಚಿ. ಒಗೆದು ಬಂದ ಬಿಳಿ ಬಟ್ಟೆಗಳನ್ನು ಬೆಳಕಿಗೆ ಹಿಡಿದು, ನೀಲಿ ಹೆಚ್ಚಾಗಿದೆಯೇ, ಹಳದಿ ಉಳಿದಿದೆಯೇ ಎಂದು ಹೇಳುವುದು ಕೆಲಸ. ಇಪ್ಪತ್ತು ವರ್ಷದಿಂದ ಅವನು "ಬಿಳಿ" ಎಂದದ್ದು ಬಿಳಿ. ಆದರೆ ಹೋದ ತಿಂಗಳು ಆಸ್ಪತ್ರೆಯ ಹಾಸಿಗೆ ಬಟ್ಟೆಯ ಮೇಲೆ ನೀಲಿ ಮಚ್ಚೆ ಉಳಿದು ಹೋಗಿ, ಯಜಮಾನಿ ಅವನನ್ನು ಕರೆದು ಒಂದೇ ಮಾತು ಹೇಳಿದ್ದಳು.

"ಇನ್ನೊಂದು ಸಲ ಹೀಗಾದ್ರೆ ಈ ಕುರ್ಚಿ ಇಲ್ಲ. ಕೊಳೆಬಟ್ಟೆ ಕೋಣೆಗೆ ಹೋಗ್ತೀಯ."

ಕೊಳೆಬಟ್ಟೆ ಕೋಣೆ ಎಂದರೆ ಕಿಟಕಿ ಇಲ್ಲದ ನೆಲಮಾಳಿಗೆ. ರೋಗಿಗಳ ಹೊದಿಕೆ, ವಾಂತಿ, ರಕ್ತ, ಎರಡು ಪಾಳಿ: ಬೆಳಿಗ್ಗೆ ಎಂಟಕ್ಕೊಂದು, ಮಧ್ಯಾಹ್ನ ಒಂದಕ್ಕೊಂದು. ಅಲ್ಲಿಗೆ ಹೋದವರು ಮೂಗು ಕಳೆದುಕೊಂಡೇ ಮೇಲೆ ಬರುತ್ತಿದ್ದರು.

ಇವತ್ತು ಅದೇ ಆಸ್ಪತ್ರೆಯ ಹೊಸ ಕಟ್ಟಡದ ಉದ್ಘಾಟನೆ. ಡಾಕ್ಟರುಗಳ ನಲವತ್ತು ಬಿಳಿ ಕೋಟು ನಾಲ್ಕು ಗಂಟೆಗೆ ತಲುಪಬೇಕು. ಇವತ್ತೇ ಮಗ ಅಜ್ಜಿಯ ಮನೆಗೆ ಹೋಗಿದ್ದಾನೆ. ಇವತ್ತೇ ಹೆಂಡತಿ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಸಂಜೆ ಬೇಗ ಬನ್ನಿ" ಎಂದಿದ್ದಾಳೆ. ಆರು ತಿಂಗಳಿಂದ ಗೋಡೆ ನೋಡಿ ಮಲಗುತ್ತಿದ್ದ ಗಂಡನನ್ನು "ನಾಚಿಕೆ ಪಡಬೇಡಿ, ಡಾಕ್ಟ್ರಿಗೆ ತೋರಿಸಿ" ಎಂದು ಕಳಿಸಿದವಳೂ ಅವಳೇ.

ಒಂದು ಗಂಟೆ ಮುಂಚೆ. ಹದ್ದಣ್ಣ ಬೆಳಗಿನಿಂದ ಗೋಡೆ ಗಡಿಯಾರ ನೋಡುತ್ತಲೇ ಇದ್ದ. ಸಂಜೆಯ ವಿಷಯಕ್ಕೆ ಮಧ್ಯಾಹ್ನ ಒಂದರ ಒಳಗೇ ಯಾಕೆ ಎಂದು ಅವನಿಗೆ ಅನುಮಾನ ಬರದೆ ಇರಲಿಲ್ಲ. ಆದರೆ ಬಟ್ಟೆಗೆ ನೀಲಿ ಇಳಿಯಲೂ ಹೊತ್ತು ಬೇಕು, ಮನುಷ್ಯನಿಗೆ ಮದ್ದು ಇಳಿಯಲೂ ಬೇಕಾದೀತು ಎಂದು ಸಮಾಧಾನ ಮಾಡಿಕೊಂಡ. ಹನ್ನೆರಡೂ ಮುಕ್ಕಾಲಿಗೆ ಕೈ ತೊಳೆಯುವ ಕೋಣೆಗೆ ಹೋಗಿ ಚಿಲಕ ಹಾಕಿ, ಮಾತ್ರೆ ನುಂಗಿ ಬಂದ.

ಒಂದೂವರೆಗೆ ಕಿವಿ ಬಿಸಿಯಾಯಿತು. ಮೂಗು ಕಟ್ಟಿತು. ಹಣೆಯೊಳಗೆ ಯಾರೋ ಒನಕೆ ಎತ್ತಿ ಇಳಿಸತೊಡಗಿದರು. ಅತ್ತೆಗೆ ಹೇಳಿದ ನೆಗಡಿ ನಿಜವಾಗಿಯೇ ಬಂತಲ್ಲ ಎಂದುಕೊಂಡು, ಮೊದಲ ಕೋಟನ್ನು ಬೆಳಕಿಗೆ ಹಿಡಿದ.

ನೀಲಿ.

ಎರಡನೆಯದು, ನೀಲಿ. ಹತ್ತನೆಯದೂ ನೀಲಿ.

"ಅಕ್ಕಾ" ಎಂದು ಒಗೆಯುವ ಹೆಂಗಸನ್ನು ಕೂಗಿದ. "ನೀಲಿ ಎಷ್ಟು ಸುರಿದೆ?"

"ಇವತ್ತು ನೀಲಿ ಮುಟ್ಟೇ ಇಲ್ಲಣ್ಣ. ಬಾಟ್ಲಿ ಅಲ್ಲಿ ಕಪಾಟಿನ ಮೇಲೆ ಹಾಗೇ ಕೂತಿದೆ."

"ಹಾಗಾದ್ರೆ ಇದೇನು, ಆಕಾಶನಾ? ಮತ್ತೆ ಒಗಿ."

ಅವಳು ಗೊಣಗುತ್ತ ಒಗೆದು ತಂದಳು. ಮತ್ತೆ ನೀಲಿ. ಮತ್ತೆ ಕಳಿಸಿದ. ಮೂರನೇ ಸಲ ಅವಳು ಇಸ್ತ್ರಿಯವನನ್ನು ಸಾಕ್ಷಿಗೆ ಎಳೆದುಕೊಂಡು ಬಂದಳು.

"ಹೇಳೋ, ಇದು ಯಾವ ಬಣ್ಣ?"

"ಹಾಲಿನ ಹಾಗಿದೆ" ಎಂದ ಇಸ್ತ್ರಿಯವ.

ಹದ್ದಣ್ಣ ಅವನ ಮುಖ ನೋಡಿದ. ಇಸ್ತ್ರಿಯವನ ಹಲ್ಲು ನೀಲಿ. ಒಗೆಯುವಕ್ಕನ ನರೆತ ಕೂದಲು ನೀಲಿ. ಗೋಡೆ ನೀಲಿ. ಗಡಿಯಾರದ ಮುಖ, ಮೇಜಿನ ಮೇಲಿನ ಕಾಗದ, ತನ್ನದೇ ಉಗುರು, ಎಲ್ಲ ನೀಲಿ. ಇಡೀ ಲೋಕವನ್ನು ಯಾರೋ ನೀಲಿ ನೀರಲ್ಲಿ ಅದ್ದಿ ಹಿಂಡದೆ ಹಾಗೇ ನೇತುಹಾಕಿದ್ದರು. ಇಪ್ಪತ್ತು ವರ್ಷದ ಅನ್ನ ಈ ಕಣ್ಣಿನಿಂದ. ಈಗ ಕಣ್ಣೇ ಸುಳ್ಳು ಹೇಳುತ್ತಿದೆಯೋ, ಊರೇ ಸುಳ್ಳು ಹೇಳುತ್ತಿದೆಯೋ ತಿಳಿಯಲಿಲ್ಲ. ಅಕ್ಕ "ಇದೇ ಕೊನೆ" ಎಂದು ಕೋಟುಗಳನ್ನೆಲ್ಲ ಒಯ್ದು ತೊಳೆನೀರಿನ ತೊಟ್ಟಿಗೆ ದಬದಬ ಎಸೆದಳು.

ಅಷ್ಟರಲ್ಲಿ ಯಜಮಾನಿ ಬಂದಳು, ಅವಳ ಹಿಂದೆ ಗುಮಾಸ್ತ. ಗುಮಾಸ್ತನಿಗೆ ಅರವತ್ತು ಹತ್ತಿರ. ಎದೆನೋವು ಬಂದು ಹೋದ ಮೇಲೆ ಅರ್ಧ ಡಾಕ್ಟರನಾಗಿದ್ದ.

"ಮುಖ ನೋಡಿ ಅಮ್ಮಾ ಇವನದ್ದು" ಎಂದ ಗುಮಾಸ್ತ. "ಬೆಂದ ಇಟ್ಟಿಗೆ. ಬೆವರು ನೋಡಿ. ಇದು ಹಾರ್ಟು."

"ನಂಗೇನೂ ಆಗಿಲ್ಲ ಸಾರ್."

"ಹಾರ್ಟಿನವರೆಲ್ಲ ಹಾಗೇ ಅನ್ನೋದು. ನಾನೂ ಅಂದಿದ್ದೆ." ಗುಮಾಸ್ತ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಸಾಸಿವೆಯಷ್ಟು ಗಾತ್ರದ ಒಂದು ಮಾತ್ರೆ ಹಿಡಿದು ಮುಂದೆ ಬಂದ. "ಆ ಅನ್ನು. ನಾಲಿಗೆ ಕೆಳಗಿಟ್ಕೋ."

ನಾಲಿಗೆ ಕೆಳಗೆ. ಔಷಧಿ ಅಂಗಡಿಯವನ ಗಂಟಲು ಹದ್ದಣ್ಣನ ಕಿವಿಯಲ್ಲಿ ಗುಡುಗಿತು. ಅವನು ಬಾಯಿಯನ್ನು ಬೀಗದ ಹಾಗೆ ಮುಚ್ಚಿದ.

"ನೋಡಿ, ದವಡೆ ಕಟ್ಟಿತು" ಎಂದ ಗುಮಾಸ್ತ. "ಹಿಡ್ಕೊಳ್ಳಿ ಅವನನ್ನ."

ಇಸ್ತ್ರಿಯವ ತೋಳು ಹಿಡಿದ, ಅಕ್ಕ ಮೂಗು ಹಿಡಿದಳು. ಮೊದಲೇ ಕಟ್ಟಿದ ಮೂಗು. ಉಸಿರಿಗೆ ಬಾಯಿ ತೆರೆಯಲೇಬೇಕು, ತೆರೆದರೆ ಮಾತ್ರೆ. ಹದ್ದಣ್ಣ ಕೊಸರಿಕೊಂಡು ಓಡಿದ. ಒಣಹಾಕಿದ ಹಾಸಿಗೆ ಬಟ್ಟೆಗಳ ಸಾಲಿನಲ್ಲಿ ನುಗ್ಗಿದ. ಹಿಂದೆಯೇ ಗುಮಾಸ್ತ, ಆರೋಗ್ಯವಂತನ ಹಾಗೆ. ತಿರುವಿನಲ್ಲಿ ಗುಮಾಸ್ತನ ಮೊಣಕೈ ಕಪಾಟಿಗೆ ಬಡಿದು, ಏನೋ ತೊಟ್ಟಿಗೆ ಬಿದ್ದು ಗುಳುಂ ಎಂದಿತು. ತಿರುಗಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಒಂದು ಜೀವ ಉಳಿಸುವ ಕೆಲಸ ನಡೆದಿತ್ತು.

ಕೊನೆಗೆ ಡ್ರೈಯರಿನ ಮೂಲೆಯಲ್ಲಿ ಸಿಕ್ಕಿಬಿದ್ದ.

"ಬೇಡ" ಎಂದ ಹಲ್ಲಿನ ಸಂದಿಯಿಂದ. "ನಾನು ಬೇರೆ ಮಾತ್ರೆ ತಗೊಂಡಿದ್ದೀನಿ."

"ಯಾವುದು?" ಯಜಮಾನಿ ಕೇಳಿದಳು.

"ತಲೆನೋವಿಂದು."

"ತಲೆನೋವಿನ ಮಾತ್ರೆಗೆ ಇದು ಅಡ್ಡಿಯಿಲ್ಲ" ಎಂದು ಗುಮಾಸ್ತ ಅವನ ಗಲ್ಲ ಹಿಡಿದ.

ಮಾನವೋ ಪ್ರಾಣವೋ ಎಂದು ಯೋಚಿಸಲು ಹದ್ದಣ್ಣನಿಗೆ ಸಿಕ್ಕಿದ್ದು ಒಂದು ಉಸಿರಿನಷ್ಟು ಸಮಯ. ಅದೂ ಕಟ್ಟಿದ ಮೂಗಿನ ಉಸಿರು. ಅವನು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು, "ಇದರ ಜೊತೆ ಅದು ಬೇಡವಂತೆ" ಎಂದು ಯಜಮಾನಿಯ ಕೈಗಿಟ್ಟ. ಅವಳು ಹೆಸರನ್ನು ಜೋರಾಗಿ ಓದಿದಳು, ಓದಿಯಾದ ಮೇಲೆ ಅರ್ಥ ಮಾಡಿಕೊಂಡಳು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ತಿರುಗಿದಳು. ಇಸ್ತ್ರಿಯವ, "ಅದಕ್ಕೇ ಎಲ್ಲ ನೀಲಿ ಕಾಣೋದು. ನಮ್ಮ ಭಾವಂಗೂ ಹಾಗೇ ಆಗಿತ್ತು" ಎಂದು ಹಲ್ಲು ಬಿಟ್ಟ. ನೀಲಿ ಹಲ್ಲು.

ನಗದವನು ಗುಮಾಸ್ತ ಒಬ್ಬನೇ. ಅವನು ಮೆಲ್ಲಗೆ ಸೋಪಿನ ಮೂಟೆಯ ಮೇಲೆ ಕೂತು, ಹದ್ದಣ್ಣನ ಕಿವಿ ಹತ್ತಿರಕ್ಕೆ ಎಳೆದುಕೊಂಡ.

"ಎರಡನ್ನೂ ನಿಜವಾಗ್ಲೂ ಒಟ್ಟಿಗೆ ತಗೋಬಾರ್ದಾ?"

"ಸತ್ತೇ ಹೋಗಬಹುದಂತೆ."

ಗುಮಾಸ್ತ ಇನ್ನೊಂದು ಜೇಬಿನಿಂದ ಕಾಗದದ ಚೂರು ಬಿಡಿಸಿ ತೋರಿಸಿದ. ಒಳಗೆ ಹದ್ದಣ್ಣ ನುಂಗಿದಂಥದ್ದೇ ಒಂದು ಮಾತ್ರೆ. "ಗೆಳೆಯ ಕೊಟ್ಟ. ಡಾಕ್ಟ್ರಿಗೆಲ್ಲ ಯಾಕೆ ಹೇಳೋದು ಅಂತ... ಇವತ್ತು ರಾತ್ರಿಗೆ ಇಟ್ಟಿದ್ದೆ."

"ಎಸೀರಿ. ನಿಮ್ಮ ಡಾಕ್ಟ್ರ ಹತ್ರ ಬಾಯಿಬಿಟ್ಟು ಕೇಳಿ."

ಗುಮಾಸ್ತ ಅದನ್ನು ಕೊಳೆನೀರು ಹರಿಯುವ ಕಾಲುವೆಗೆ ಎಸೆದ. ಆಮೇಲೆ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಈ ವಯಸ್ಸಲ್ಲಿ ಇದೆಲ್ಲ ಬೇಕಾ ನಿಂಗೆ? ಮಾನ ಮರ್ಯಾದೆ ಇರಬೇಕು ಮನುಷ್ಯಂಗೆ" ಎಂದ. ಉಳಿಸಿಕೊಂಡ ಜೀವಕ್ಕೆ ಅವನು ಕೊಟ್ಟ ಬೆಲೆ ಅಷ್ಟು.

ಯಜಮಾನಿ ಗಡಿಯಾರ ನೋಡಿದಳು. "ಇವನ ಕಣ್ಣು ನಂಬಿ ಮೂರು ಸಲ ಒಗೆದಿದ್ದೀರಿ. ಇನ್ನು ಈ ಲಾಂಡ್ರಿಯಲ್ಲಿ ಯಾರ ಬಾಯಲ್ಲಾದ್ರೂ ನೀಲಿ ಅನ್ನೋ ಮಾತು ಬಂದ್ರೆ ಅವರು ಸೀದಾ ಮನೆಗೆ. ಒಣಗಿಸಿ, ಇಸ್ತ್ರಿ ಹಾಕಿ, ಕಟ್ಟಿ. ಹದ್ದಣ್ಣ, ತಪಾಸಣೆ ಕಾಗದಕ್ಕೆ ಸಹಿ ಹಾಕಿ ನೀನೇ ವ್ಯಾನಲ್ಲಿ ಹೋಗು."

ಕೋಟುಗಳು ತೊಟ್ಟಿಯಿಂದ ಎದ್ದವು, ಒಣಗಿದವು. ಇಸ್ತ್ರಿಯವ ಮೊದಲ ಕೋಟು ಹಾಸಿ, ಏನೋ ಹೇಳಲು ಬಾಯಿ ತೆರೆದು, ಯಜಮಾನಿಯ ಕಡೆ ನೋಡಿ, ನುಂಗಿಕೊಂಡ. ಹದ್ದಣ್ಣನಿಗೆ ಕೋಟುಗಳು ನೀಲಿಯಾಗಿಯೇ ಕಂಡವು. ಕಣ್ಣಿನ ದೋಷ, ಇನ್ನೇನು. ಕಣ್ಣು ಮುಚ್ಚಿ ಸಹಿ ಹಾಕಿದ.

ವ್ಯಾನಿನಲ್ಲಿ ಅವನಿಗೆ ಹೊಸ ಭಯ ಹತ್ತಿತು. ನಾಲ್ಕಕ್ಕೆ ಐದೇ ನಿಮಿಷ. ನಾಲ್ಕು ಗಂಟೆ ಮೀರಿದರೆ ಓಡಬೇಕು. ಮೀರುವುದು ಏನು ಎಂಬುದನ್ನು ಅವನು ಹೇಗೋ ಊಹಿಸಿದ್ದ. ಆದರೆ ಯಾವುದು ಮೀರಬೇಕೋ ಅದು ಇನ್ನೂ ಶುರುವೇ ಆಗಿರಲಿಲ್ಲ. ಶುರುವಾಗದ್ದು ಮೀರುವುದು ಹೇಗೆ? ತೊಡೆಯ ಮೇಲೆ ಕೋಟಿನ ಗಂಟು ಇಟ್ಟುಕೊಂಡು, ಒಳಗಿನಿಂದ ಏನಾದರೂ ಸುದ್ದಿ ಬಂದೀತೇ ಎಂದು ಕಾಯುತ್ತ ಕೂತ.

ಆಸ್ಪತ್ರೆಯಲ್ಲಿ ಕೋಟು ಇಳಿಸಿದವನೇ, ಚೀಟಿ ಬರೆದ ಡಾಕ್ಟರ ಕೋಣೆಗೆ ನುಗ್ಗಿದ. ಡಾಕ್ಟರು ಇನ್ನೂ ಕೋಟಿಲ್ಲದೆ ಬರೀ ಶರಟಿನಲ್ಲೇ ಇದ್ದರು. ನಾಡಿ ನೋಡಿದರು, ಬಿಪಿ ನೋಡಿದರು, ಎಲ್ಲ ಕೇಳಿದರು.

"ಮಧ್ಯಾಹ್ನ ಯಾಕೆ ತಗೊಂಡ್ರಿ?"

"ಒಂದು ಗಂಟೆ ಮುಂಚೆ ಅಂದ್ರು."

"ಒಂದು ತಾಸು ಮುಂಚೆ ಸ್ವಾಮೀ. ಅರವತ್ತು ನಿಮಿಷ. ನಾಲ್ಕು ಗಂಟೆ ಅಂದ್ರೆ ನಾಲ್ಕು ತಾಸು, ಗಡಿಯಾರದ ನಾಲ್ಕಲ್ಲ. ಅದೂ ಮಾತ್ರೆ ನುಂಗಿದ ತಕ್ಷಣ ಏನೂ ಆಗಲ್ಲ, ಮನಸ್ಸೂ ಬೇಕು. ಲಾಂಡ್ರೀಲಿ ಏನು ಮನಸ್ಸು ಬರುತ್ತೆ?"

"ಹಾಗಾದ್ರೆ ಸಂಜೆಗೆ ಇನ್ನೊಂದು..."

"ಇಲ್ಲ. ದಿನಕ್ಕೆ ಒಂದೇ. ನಾಳೆ ನೋಡ್ಕೊಳ್ಳಿ."

"ಎಲ್ಲ ನೀಲಿ ಕಾಣುತ್ತೆ ಡಾಕ್ಟ್ರೇ."

"ಕೆಲವರಿಗೆ ಕಾಣುತ್ತೆ. ಇನ್ನೊಂದೆರಡು ತಾಸಲ್ಲಿ ಹೋಗುತ್ತೆ. ದೃಷ್ಟಿಯೇ ಹೋದ ಹಾಗಾದ್ರೆ ಮಾತ್ರ ಕೂಡ್ಲೇ ಓಡಿ ಬರಬೇಕು. ಹೊರಗೆ ಕೂತಿರಿ, ಸರಿಯಾದ ಮೇಲೆ ಮನೆಗೆ ಹೋಗಿ." ಅವರು ಎದ್ದು ಕಾರ್ಯಕ್ರಮಕ್ಕೆ ಹೊರಟರು.

ಹದ್ದಣ್ಣ ಸಭಾಂಗಣದ ಕೊನೆಯ ಕುರ್ಚಿಯಲ್ಲಿ ಕೂತ. ವೇದಿಕೆಯ ಮೇಲೆ ನಲವತ್ತು ಡಾಕ್ಟರು ಕೋಟು ತೊಟ್ಟು ಸಾಲಾಗಿ ನಿಂತಿದ್ದರು. ನೀಲಿ ಗೋಡೆಯ ಮುಂದೆ ನೀಲಿ ಕೋಟು. ಜನ ಪಿಸುಗುಟ್ಟುತ್ತಿದ್ದರು, ಭಾಷಣ ಬೇಸರ ತಂದಿರಬೇಕು ಎಂದುಕೊಂಡ. ಐದು ದಾಟುತ್ತಿದ್ದಂತೆ ತಲೆನೋವು ಇಳಿಯಿತು. ಮೂಗು ಬಿಟ್ಟಿತು. ಗೋಡೆ ಮೆಲ್ಲಗೆ ಬೆಳ್ಳಗಾಯಿತು. ಮೈಕಿನ ಮುಂದೆ ನಿಂತ ಹಿರಿಯರ ಕೂದಲು ಬೆಳ್ಳಗಾಯಿತು. ಅವನ ಉಗುರು ಬೆಳ್ಳಗಾಯಿತು. ಹದ್ದಣ್ಣನಿಗೆ ಅಳು ಬರುವಷ್ಟು ಸಂತೋಷವಾಯಿತು. ತನ್ನ ಕಣ್ಣು ತನಗೆ ವಾಪಸು ಬಂದಿತ್ತು.

ಕೋಟುಗಳು ಮಾತ್ರ ನೀಲಿಯಾಗಿಯೇ ಇದ್ದವು.

ಅವನು ಕಣ್ಣುಜ್ಜಿಕೊಂಡ. ನಲವತ್ತಕ್ಕೆ ನಲವತ್ತೂ, ಮುಂಗೈಯಲ್ಲಿ ತಿಳಿಯಾಗಿ, ಬೆನ್ನಿನಲ್ಲಿ ಗಾಢವಾಗಿ, ಮಚ್ಚೆ ಮಚ್ಚೆಯಾಗಿ ನೀಲಿ. ಗುಳುಂ ಎಂದದ್ದು ಏನೆಂದು ಅವನಿಗೆ ಆಗ ಹೊಳೆಯಿತು. ಇಸ್ತ್ರಿಯವನಿಗೆ ಫೋನು ಮಾಡಿದ.

"ನಿಂಗೆ ಕಾಣಿಸಲಿಲ್ವಾ?"

"ಕಾಣಿಸ್ತು ಅಣ್ಣ. ಎಲ್ಲರಿಗೂ ಕಾಣಿಸ್ತು. ಆ ಮಾತು ಆಡಬೇಡಿ ಅಂತ ಅಮ್ಮ ಅಂದಿದ್ರಲ್ಲ."

ಇಟ್ಟ ಕೂಡಲೆ ಫೋನು ಮತ್ತೆ ಬಡಿದುಕೊಂಡಿತು. ಯಜಮಾನಿ. ಬೇರೆ ಕೋಟಿಲ್ಲದೆ ಅವನ್ನೇ ತೊಡಬೇಕಾದ ಆಸ್ಪತ್ರೆಯವರು ಅವಳಿಗೆ ಬೈದು ಮುಗಿಸಿದ್ದರು, ಈಗ ಅವಳ ಸರದಿ. ಸಹಿ ಅವನದ್ದು. ನೀಲಿಯ ಬಾಟಲಿ ತೊಟ್ಟಿಗೆ ಬೀಳಿಸಿದವನು ಗುಮಾಸ್ತ ಎನ್ನಲು ಹೊರಟ. ಗುಮಾಸ್ತ ಯಾಕೆ ಅಟ್ಟಿಸಿಕೊಂಡು ಬಂದ ಎಂಬಲ್ಲಿಗೆ ಕತೆ ಮತ್ತೆ ಅದೇ ಮಾತ್ರೆಗೆ ಬರುತ್ತಿತ್ತು.

"ನಾಳೆಯಿಂದ ಕೊಳೆಬಟ್ಟೆ ಕೋಣೆ" ಎಂದಳು ಯಜಮಾನಿ. "ಕೇಳಿಸ್ತಾ? ಒಂದು ಗಂಟೆ ಮುಂಚೆ ಬಾ."

"ಅಮ್ಮಾ..."

"ಏನು?"

ಪಾಳಿಗಳು ಎರಡು. ಬೆಳಿಗ್ಗೆ ಏಳಕ್ಕೆ ಹೋಗಬೇಕೋ, ಮಧ್ಯಾಹ್ನ ಒಂದರೊಳಗೆ ಹೋದರೆ ಸಾಕೋ. ಹದ್ದಣ್ಣ ಬಾಯಿ ತೆರೆದ. ಪಕ್ಕದ ಕುರ್ಚಿಯಿಂದ ಯಾರೋ ತಿರುಗಿ ನೋಡಿದರು.

"ಏನಿಲ್ಲಮ್ಮಾ" ಎಂದ. "ಅರ್ಥ ಆಯ್ತು."